ಆನರ್ಸ್ ಕಾಲೇಜಿಗಾಗಿ 85 ಸಾವಿರ ಡಾಲರ್ ಹೆಚ್ಚು ಕೊಡಬಹುದೇ?

ಪ್ರಶ್ನೆ: ನಾವು ಟೆಕ್ಸಸ್‌ನಲ್ಲಿ, ಡಲ್ಲಾಸ್ ಹತ್ತಿರ ಇದ್ದೇವೆ. ಯಜಮಾನರು ಎಚ್-1ಬಿ (ಕೆಲಸದ ವೀಸಾ) ಮೇಲಿದ್ದಾರೆ. ಐ-140 (ಗ್ರೀನ್ ಕಾರ್ಡ್‌ಗಾಗಿ ಕಂಪನಿ ಹಾಕುವ ಅರ್ಜಿ) ಆಗಿ ವರ್ಷಗಳಾದವು, ಗ್ರೀನ್ ಕಾರ್ಡ್ ಮಾತ್ರ ಬಂದಿಲ್ಲ. ಮಗಳು ಎಚ್-4 (ಅವಲಂಬಿತರ ವೀಸಾ). ಈ ಮೇನಲ್ಲಿ ಹೈಸ್ಕೂಲ್ ಮುಗಿಸುತ್ತಾಳೆ, ಅಕ್ಟೋಬರ್‌ಗೆ 18 ತುಂಬುತ್ತದೆ. ಬಯೊಕೆಮಿಸ್ಟ್ರಿ ಓದಿ ಮೆಡಿಕಲ್‌ಗೆ ಹೋಗುವ ಆಸೆ ಅವಳದು. ಬೇರೆ ರಾಜ್ಯದ ದೊಡ್ಡ ಸರ್ಕಾರಿ ಯೂನಿವರ್ಸಿಟಿಯೊಂದರ ಆನರ್ಸ್ ಕಾಲೇಜಿನಲ್ಲಿ (ಯೂನಿವರ್ಸಿಟಿಯೊಳಗೇ ಆಯ್ದ ವಿದ್ಯಾರ್ಥಿಗಳಿಗಿರುವ ವಿಶೇಷ ವಿಭಾಗ) ಸೀಟು ಸಿಕ್ಕಿದೆ. ವರ್ಷದ ಒಟ್ಟು ಖರ್ಚು 61,400 ಡಾಲರ್, ಸ್ಕಾಲರ್‌ಶಿಪ್ 12,000. ಟೆಕ್ಸಸ್‌ನಲ್ಲೇ ಇನ್ನೊಂದು ಸರ್ಕಾರಿ ಯೂನಿವರ್ಸಿಟಿ ಇನ್-ಸ್ಟೇಟ್ (ರಾಜ್ಯದ ನಿವಾಸಿಗಳ) ದರದಲ್ಲಿ 31,200 ಡಾಲರ್ ತೋರಿಸಿ 3,000 ಸ್ಕಾಲರ್‌ಶಿಪ್ ಕೊಟ್ಟಿದೆ. ಅಲ್ಲಿ ಆನರ್ಸ್ ಸಿಕ್ಕಿಲ್ಲ, ಮೊದಲ ವರ್ಷ ಆದ ಮೇಲೆ ಅರ್ಜಿ ಹಾಕಬಹುದು ಎಂದಿದ್ದಾರೆ. ಕಾಲೇಜು ಖರ್ಚಿಗೆ ಕೂಡಿಡುವ 529 ಖಾತೆಯಲ್ಲಿ 92,000 ಇದೆ. ಏಳು ಎಪಿ (ಹೈಸ್ಕೂಲಿನಲ್ಲೇ ಬರೆಯುವ ಕಾಲೇಜು ಮಟ್ಟದ) ಪರೀಕ್ಷೆಗಳಲ್ಲಿ 4, 5 ಬಂದಿವೆ. ‘ಆನರ್ಸ್ ಬಿಡಬೇಡಿ, ಮೆಡಿಕಲ್ ಸೀಟಿಗೆ ಅದೇ ದಾರಿ’ ಎಂದು ಕನ್ನಡ ಕೂಟದಲ್ಲಿ ಎಲ್ಲರೂ ಹೇಳುತ್ತಾರೆ. ‘ಓದಿನ ವಿಷಯದಲ್ಲಿ ದುಡ್ಡಿನ ಲೆಕ್ಕ ಹಾಕಬಾರದು’ ಎಂದು ಯಜಮಾನರು. ಮೇ 1ರೊಳಗೆ ತೀರ್ಮಾನ ಹೇಳಬೇಕು. ಏನು ಮಾಡಲಿ?

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಚಿಂತೆಗಳು ಒಂದಕ್ಕೊಂದು ಹೆಣೆದುಕೊಂಡಿವೆ. ಆನರ್ಸ್ ಬಿಟ್ಟರೆ ಮಗಳ ಮೆಡಿಕಲ್ ದಾರಿ ಮುಚ್ಚುತ್ತದೆಯೇ ಎಂಬುದು ಒಂದು. ಹಣದ ಕಾರಣಕ್ಕೆ ಬಿಟ್ಟೆವಲ್ಲ ಎಂದು ನಾಳೆ ಕೊರಗಬೇಕಾಗುತ್ತದೆಯೇ ಎಂಬುದು ಇನ್ನೊಂದು. ಮೊದಲನೆಯದಕ್ಕೆ ನೇರ ಉತ್ತರ ‘ಇಲ್ಲ’. ಎರಡನೆಯದಕ್ಕೆ ಲೆಕ್ಕ ಹಾಕಲೇಬೇಕು. ಅದಕ್ಕೂ ಮೊದಲು, ನಿಮ್ಮ ಪತ್ರದಲ್ಲಿ ಒಂದೇ ಮಾತಿನಲ್ಲಿ ಬಂದುಹೋಗಿರುವ ‘ಎಚ್-4’ ಈ ತೀರ್ಮಾನದಲ್ಲಿ ಆನರ್ಸ್‌ಗಿಂತ ದೊಡ್ಡ ಸಂಗತಿ. ಅದಕ್ಕೆ ಮುಂದೆ ಬರುತ್ತೇನೆ.

ಮೆಡಿಕಲ್ ಸ್ಕೂಲ್‌ನವರು ಅರ್ಜಿಯಲ್ಲಿ ಮೊದಲು ನೋಡುವುದು ಒಟ್ಟು ಜಿಪಿಎ (ಗ್ರೇಡ್‌ಗಳ ಸರಾಸರಿ), ವಿಜ್ಞಾನ ಮತ್ತು ಗಣಿತದ ಜಿಪಿಎ, ಎಂಕ್ಯಾಟ್ (ಮೆಡಿಕಲ್ ಪ್ರವೇಶ ಪರೀಕ್ಷೆ) ಅಂಕ. ಆಮೇಲೆ ಆಸ್ಪತ್ರೆಯ ಅನುಭವ, ಸೇವೆ, ಸಂಶೋಧನೆ, ಪ್ರೊಫೆಸರ್‌ಗಳ ಶಿಫಾರಸು ಪತ್ರ. ಹೈಸ್ಕೂಲಿನಲ್ಲಿ ಎಪಿ, ಆನರ್ಸ್ ತರಗತಿಗಳಿಗೆ ಹೆಚ್ಚುವರಿ ಪಾಯಿಂಟ್ ಕೊಟ್ಟು ಜಿಪಿಎ 4 ದಾಟುತ್ತಿತ್ತಲ್ಲ, ಆ ಪದ್ಧತಿ ಇಲ್ಲಿಲ್ಲ. ಆನರ್ಸ್ ಆರ್ಗ್ಯಾನಿಕ್ ಕೆಮಿಸ್ಟ್ರಿಯಲ್ಲಿ ಬಂದ ಬಿ 3.0 ಆಗಿಯೇ ಉಳಿಯುತ್ತದೆ, ಸಾಮಾನ್ಯ ಸೆಕ್ಷನ್ನಿನ ಎ 4.0 ಆಗುತ್ತದೆ. ಕೆಲವು ಕಡೆ ಆನರ್ಸ್ ಸೆಕ್ಷನ್‌ಗಳಲ್ಲಿ ಗ್ರೇಡಿಂಗ್ ಉದಾರವಾಗಿರುತ್ತದೆ, ಇನ್ನು ಕೆಲವು ಕಡೆ ತರಗತಿಯ ಎಲ್ಲರೂ ಚುರುಕಾಗಿರುವುದರಿಂದ ಎ ಗಿಟ್ಟಿಸುವುದೇ ಕಷ್ಟ. ಊಹೆ ಮಾಡಬೇಕಾಗಿಲ್ಲ. ಟೆಕ್ಸಸ್ ಎ ಅಂಡ್ ಎಂನಂತಹ ಕೆಲವು ಸರ್ಕಾರಿ ಯೂನಿವರ್ಸಿಟಿಗಳು ಪ್ರತಿ ಸೆಕ್ಷನ್ನಿನಲ್ಲಿ ಎಷ್ಟು ಎ, ಎಷ್ಟು ಬಿ ಕೊಟ್ಟರು ಎಂಬ ಪಟ್ಟಿಯನ್ನೇ ಪ್ರಕಟಿಸುತ್ತವೆ.

ಪದವಿ ಪತ್ರದಲ್ಲಿ ಬರುವ ‘ಕಮ್ ಲಾಡಿ’, ‘ಮ್ಯಾಗ್ನಾ ಕಮ್ ಲಾಡಿ’ ಗೌರವಗಳನ್ನೂ ಆನರ್ಸ್ ಕಾಲೇಜನ್ನೂ ಒಂದೇ ಎಂದು ತಿಳಿಯುವವರಿದ್ದಾರೆ. ಅವು ಹೆಚ್ಚಿನ ಕಡೆ ಜಿಪಿಎ ನೋಡಿ ಕೊಡುವಂಥವು, ಆನರ್ಸ್ ಕಾಲೇಜಿಗೆ ಸೇರದವರಿಗೂ ಸಿಗುತ್ತವೆ. ನಮ್ಮೂರ ಬಿಎಸ್ಸಿ ಆನರ್ಸ್ ಹಾಗೆ ಇದು ಬೇರೆ ಪದವಿಯೂ ಅಲ್ಲ. ಅದೇ ಡಿಗ್ರಿ, ಟ್ರಾನ್ಸ್‌ಕ್ರಿಪ್ಟಿನಲ್ಲಿ ಹೆಚ್ಚೆಂದರೆ ಒಂದು ಸಾಲು ಜಾಸ್ತಿ.

ಹಾಗಾದರೆ ಯೂನಿವರ್ಸಿಟಿಗಳು ಇಷ್ಟೊಂದು ಆದರದಿಂದ ಯಾಕೆ ಕರೆಯುತ್ತವೆ? ಖಾಸಗಿ ಕಾಲೇಜುಗಳಿಗೆ ಹೋಗಬಹುದಾದ ಜಾಣ ಮಕ್ಕಳನ್ನು ತಮ್ಮ ಕಡೆ ಸೆಳೆಯಲು ಸರ್ಕಾರಿ ಯೂನಿವರ್ಸಿಟಿಗಳಿಗೆ ಆನರ್ಸ್ ಕಾಲೇಜು ಒಳ್ಳೆಯ ಸಾಧನ. ಅರಿಜೋನಾ ಸ್ಟೇಟ್‌ನ ಬ್ಯಾರೆಟ್ ಆನರ್ಸ್ ಕಾಲೇಜು 1988ರಲ್ಲಿ ಶುರುವಾಯಿತು. ಇಂಟೆಲ್‌ನ ಕ್ರೇಗ್ ಬ್ಯಾರೆಟ್ ದಂಪತಿ ಒಂದು ಕೋಟಿ ಡಾಲರ್ ಕೊಟ್ಟ ಮೇಲೆ ಅವರ ಹೆಸರು ಬಂತು. 2008ರ ಆರ್ಥಿಕ ಕುಸಿತದ ನಂತರ ಬಹಳಷ್ಟು ರಾಜ್ಯಗಳು ತಮ್ಮ ಯೂನಿವರ್ಸಿಟಿಗಳಿಗೆ ಕೊಡುವ ಅನುದಾನ ಕಡಿತ ಮಾಡಿದವು. ಹೊರರಾಜ್ಯದ ವಿದ್ಯಾರ್ಥಿಯ ದುಬಾರಿ ಶುಲ್ಕಕ್ಕೆ ಆಗ ಬೆಲೆ ಬಂತು. ಪೂರ್ತಿ ದರ ತೋರಿಸಿ, ಅದರಲ್ಲಿ ಒಂದಿಷ್ಟು ಸ್ಕಾಲರ್‌ಶಿಪ್ ಎಂದು ಕಳೆದು, ಜೊತೆಗೆ ಆನರ್ಸ್ ಆಹ್ವಾನ ಇಟ್ಟು ಕಳಿಸಿದರೆ ಕುಟುಂಬ ಒಪ್ಪುವ ಸಾಧ್ಯತೆ ಹೆಚ್ಚು. ಇದರಲ್ಲಿ ಮೋಸವೇನೂ ಇಲ್ಲ. ಆದರೆ ಆ ಪತ್ರವನ್ನು ಮಗಳ ಯೋಗ್ಯತೆಯ ಸರ್ಟಿಫಿಕೇಟ್ ಎಂದು ಓದಬೇಡಿ. ಅದೊಂದು ಬೆಲೆಪಟ್ಟಿ.

ಆನರ್ಸ್ ಎಂಬುದು ಏಳೆಂಟು ಬೇರೆ ಬೇರೆ ಸೌಲಭ್ಯಗಳ ಕಟ್ಟು. ಪೂರ್ತಿ ಕಟ್ಟಿಗೆ ಒಟ್ಟಾಗಿ ಬೆಲೆ ಕಟ್ಟಿದರೆ, ಹಬ್ಬದೂಟಕ್ಕೆ ದುಡ್ಡು ಕೊಟ್ಟು ಎರಡೇ ಬಗೆ ಉಂಡು ಎದ್ದ ಹಾಗಾಗುತ್ತದೆ. ನಿಮ್ಮ ಮಗಳು ನಿಜವಾಗಿ ಬಳಸುವುದು ಯಾವುದು ಎಂದು ಒಂದೊಂದನ್ನೇ ಬಿಡಿಸಿ ನೋಡಿ.

ಮೊದಲನೆಯದು ಚಿಕ್ಕ ತರಗತಿಗಳು. ಇಪ್ಪತ್ತು-ಇಪ್ಪತ್ತೈದು ಮಕ್ಕಳ ಸೆಮಿನಾರ್ ಇರುವುದು ನಿಜ. ಅವು ಯಾವ ವಿಷಯದಲ್ಲಿವೆ ಎಂಬುದು ಪ್ರಶ್ನೆ. ಬಹಳ ಕಡೆ ಅವು ಜನರಲ್ ಎಜುಕೇಶನ್‌ನಲ್ಲಿ ಇರುತ್ತವೆ, ಅಂದರೆ ಇತಿಹಾಸ, ತತ್ವಶಾಸ್ತ್ರ, ಬರವಣಿಗೆ. ಬ್ಯಾರೆಟ್‌ನಲ್ಲಿ ಹೊಸಬರಿಗೆ ‘ದಿ ಹ್ಯೂಮನ್ ಇವೆಂಟ್’ ಎಂಬ ಎರಡು ಸೆಮಿಸ್ಟರಿನ ಸೆಮಿನಾರ್ ಕಡ್ಡಾಯ. ಓದುವ ಮಕ್ಕಳಿಗೆ ಅದು ಬಹಳ ಒಳ್ಳೆಯ ಕೋರ್ಸ್. ಆದರೆ ಎಪಿ ಕ್ರೆಡಿಟ್‌ನಿಂದ ಜನರಲ್ ಎಜುಕೇಶನ್ನಿನ ಅರ್ಧ ಮುಗಿಸಿಕೊಂಡು ಬಂದಿರುವ ನಿಮ್ಮ ಮಗಳಂಥವರಿಗೆ ಆನರ್ಸ್ ಕ್ರೆಡಿಟ್‌ಗಳು ಅದರ ಮೇಲೆ ಹೇರಿದ ಹೊರೆಯಾಗಬಹುದು, ಯಾಕೆಂದರೆ ಎಪಿ ಕ್ರೆಡಿಟನ್ನು ಹೆಚ್ಚಿನ ಕಡೆ ಆನರ್ಸ್ ಕ್ರೆಡಿಟ್ ಎಂದು ಲೆಕ್ಕಕ್ಕೆ ಹಿಡಿಯುವುದಿಲ್ಲ.

ನೀವೇ ಪರೀಕ್ಷಿಸಿ. ಸಾಮಾನ್ಯವಾಗಿ ಯೂನಿವರ್ಸಿಟಿಯ ಕ್ಲಾಸ್ ಶೆಡ್ಯೂಲನ್ನು ಲಾಗಿನ್ ಇಲ್ಲದೆ ಯಾರಾದರೂ ನೋಡಬಹುದು. ಫಾಲ್ ಸೆಮಿಸ್ಟರ್ ಆರಿಸಿ, ವಿಷಯದ ಜಾಗದಲ್ಲಿ ಕೆಮಿಸ್ಟ್ರಿ ಹಾಕಿ. ಆನರ್ಸ್ ಸೆಕ್ಷನ್ನಿಗೆ ಕೋರ್ಸ್ ನಂಬರಿನ ಪಕ್ಕ ‘ಎಚ್’ ಇರುತ್ತದೆ ಅಥವಾ ಹುಡುಕುವ ಪಟ್ಟಿಯಲ್ಲಿ ‘ಆನರ್ಸ್’ ಎಂಬ ಗುರುತು ಇರುತ್ತದೆ. ಜನರಲ್ ಕೆಮಿಸ್ಟ್ರಿ, ಆರ್ಗ್ಯಾನಿಕ್, ಬಯಾಲಜಿ, ಫಿಸಿಕ್ಸ್, ಬಯೊಕೆಮಿಸ್ಟ್ರಿ ಐದಕ್ಕೂ ಸೆಕ್ಷನ್ ಎಷ್ಟು, ಒಂದೊಂದರಲ್ಲಿ ಸೀಟು ಎಷ್ಟು ಎಂದು ಬರೆದುಕೊಳ್ಳಿ. ಕೆಮಿಸ್ಟ್ರಿಯಲ್ಲಿ 24 ಸೀಟಿನ ಎರಡೇ ಸೆಕ್ಷನ್ ಇದ್ದು, ಆ ವರ್ಷ ಆನರ್ಸ್‌ಗೆ ನೂರಾರು ಮಕ್ಕಳನ್ನು ಸೇರಿಸಿಕೊಂಡಿದ್ದರೆ ಉಳಿದವರು 300 ಜನರ ಹಾಲ್‌ನಲ್ಲೇ ಕೂರುತ್ತಾರೆ. ಕೊರತೆ ಬಿದ್ದ ಕ್ರೆಡಿಟನ್ನು ‘ಆನರ್ಸ್ ಕಾಂಟ್ರ್ಯಾಕ್ಟ್’ ಮೂಲಕ ತುಂಬಿಸುತ್ತಾರೆ. ಅಂದರೆ ಅದೇ ದೊಡ್ಡ ಕ್ಲಾಸು, ಪ್ರೊಫೆಸರ್ ಜೊತೆ ಒಪ್ಪಂದ ಮಾಡಿಕೊಂಡು ಮೇಲೊಂದು ಪೇಪರ್ ಬರೆಯುವುದು. ವಿಜ್ಞಾನದ ಮೇಜರ್‌ಗಳಲ್ಲಿ ಇದು ಸಾಮಾನ್ಯ, ಬ್ರೋಷರ್‌ನಲ್ಲಿ ಮಾತ್ರ ಕಾಣುವುದಿಲ್ಲ.

ಎರಡನೆಯದು ಮೊದಲೇ ರಿಜಿಸ್ಟ್ರೇಶನ್ ಮಾಡುವ ಅವಕಾಶ. ನನ್ನ ಲೆಕ್ಕದಲ್ಲಿ ಆನರ್ಸ್‌ನ ಅತಿ ಉಪಯುಕ್ತ ಸೌಲಭ್ಯ ಇದೇ. ಆರ್ಗ್ಯಾನಿಕ್ ಲ್ಯಾಬ್ ಸೀಟು ಸಿಗದೆ ಒಂದು ಸೆಮಿಸ್ಟರ್ ಹಿಂದೆ ಬಿದ್ದರೆ ಎಂಕ್ಯಾಟ್ ವೇಳಾಪಟ್ಟಿಯೇ ಕೆಡುತ್ತದೆ. ಆದರೆ ಬಹಳಷ್ಟು ಯೂನಿವರ್ಸಿಟಿಗಳು ರಿಜಿಸ್ಟ್ರೇಶನ್ ಸರದಿಯನ್ನು ಗಳಿಸಿದ ಕ್ರೆಡಿಟ್ ನೋಡಿ ಕೊಡುತ್ತವೆ. ಏಳು ಎಪಿಗಳಿಂದ 30ರ ಆಸುಪಾಸು ಕ್ರೆಡಿಟ್ ಸಿಕ್ಕರೆ ಮಗಳು ಮೊದಲ ವರ್ಷವೇ ಎರಡನೇ ವರ್ಷದವರ ಸಾಲಿನಲ್ಲಿ ನಿಲ್ಲುತ್ತಾಳೆ. ಟೆಕ್ಸಸ್ ಯೂನಿವರ್ಸಿಟಿಯ ರಿಜಿಸ್ಟ್ರಾರ್ ಕಚೇರಿಗೆ ಈ ಒಂದು ಪ್ರಶ್ನೆ ಕೇಳಿ. ಉತ್ತರ ‘ಹೌದು’ ಎಂದಾದರೆ ಈ ಸೌಲಭ್ಯದ ಮುಕ್ಕಾಲು ಪಾಲು ಪುಕ್ಕಟೆಯಾಗಿ ಸಿಕ್ಕ ಹಾಗೆ.

ಥೀಸಿಸ್ ವಿಷಯದಲ್ಲಿ ಎರಡು ಮಾತು. ಬ್ಯಾರೆಟ್, ಪೆನ್ ಸ್ಟೇಟ್‌ನ ಷ್ರೇಯರ್ ಆನರ್ಸ್ ಕಾಲೇಜು ಎರಡರಲ್ಲೂ ಅದು ಕಡ್ಡಾಯ. ಪಿಎಚ್‌ಡಿ ಕಡೆ ಹೊರಟವರಿಗೆ ಅದಕ್ಕಿಂತ ಒಳ್ಳೆಯ ತಯಾರಿ ಇಲ್ಲ. ಮೆಡಿಕಲ್ ಕಡೆ ಹೊರಟವರಿಗೆ ಕಾಲ ಕೂಡಿಬರುವುದಿಲ್ಲ: ಮೂರನೇ ವರ್ಷದ ಕೊನೆಗೆ ಅರ್ಜಿ, ಬೇಸಿಗೆಯಲ್ಲಿ ಒಂದೊಂದು ಮೆಡಿಕಲ್ ಸ್ಕೂಲೂ ಬೇರೆಯಾಗಿ ಕೇಳುವ ರಾಶಿ ರಾಶಿ ಸೆಕೆಂಡರಿ ಪ್ರಬಂಧಗಳು, ನಾಲ್ಕನೇ ವರ್ಷದ ಫಾಲ್‌ನಲ್ಲಿ ಇಂಟರ್‌ವ್ಯೂ, ಅದೇ ಹೊತ್ತಿಗೆ ಥೀಸಿಸ್. ಅನೇಕರು ಇಲ್ಲೇ ಆನರ್ಸ್ ಬಿಡುತ್ತಾರೆ. ಆದ್ದರಿಂದ ‘ಸೇರಿದವರಲ್ಲಿ ಎಷ್ಟು ಜನ ಆನರ್ಸ್ ಮುಗಿಸಿ ಹೊರಬೀಳುತ್ತಾರೆ?’ ಎಂದು ಕೇಳಿ. ಎಷ್ಟು ಜನರನ್ನು ಸೇರಿಸಿಕೊಳ್ಳುತ್ತೀರಿ ಎಂಬುದು ಬೇರೆ ಪ್ರಶ್ನೆ. ಅದಕ್ಕೆ ಎಲ್ಲರೂ ಸಲೀಸಾಗಿ ಉತ್ತರ ಕೊಡುತ್ತಾರೆ.

ಆನರ್ಸ್ ಹಾಸ್ಟೆಲ್ ಹೊಸದಾಗಿ, ಚೆನ್ನಾಗಿರುತ್ತದೆ, ಅನೇಕ ಕಡೆ ಬಾಡಿಗೆಯೂ ಹೆಚ್ಚು. ಕೆಲವು ಆನರ್ಸ್ ಕಾಲೇಜುಗಳು ಸೆಮಿಸ್ಟರಿಗೆ ಪ್ರತ್ಯೇಕ ಶುಲ್ಕವನ್ನೂ ಹಾಕುತ್ತವೆ; ಬ್ಯಾರೆಟ್‌ನಲ್ಲಿ ಅದಿದೆ. ತದ್ವಿರುದ್ಧವಾಗಿ ಷ್ರೇಯರ್, ಮೊದಲ ವರ್ಷಕ್ಕೇ ಸೇರಿದವರಿಗೆ ವರ್ಷಕ್ಕೆ 5,000 ಡಾಲರ್ ಕೊಡುತ್ತದೆ. ನಿಮ್ಮ 61,400ರಲ್ಲಿ ಈ ಶುಲ್ಕ, ಈ ಹಾಸ್ಟೆಲ್ ಬಾಡಿಗೆ ಸೇರಿದೆಯೇ ಎಂದು ನೋಡಿ. ಅವಾರ್ಡ್ ಲೆಟರಿನ ಅಂದಾಜು ಬಹಳ ಸಲ ಸಾಮಾನ್ಯ ವಿದ್ಯಾರ್ಥಿಯ ಸರಾಸರಿ ಕೊಠಡಿಯದ್ದಾಗಿರುತ್ತದೆ.

ಇನ್ನು ಎಚ್-4. ಆನರ್ಸ್‌ನ ಉಳಿದ ಆಕರ್ಷಣೆಗಳು ಸಂಶೋಧನೆಯ ಹಣ, ಬೇಸಿಗೆ ರಿಸರ್ಚ್, ರಾಷ್ಟ್ರಮಟ್ಟದ ಫೆಲೋಶಿಪ್‌ಗಳಿಗೆ ತಯಾರಿ. ಎಚ್-4 ಮಕ್ಕಳು ಓದಬಹುದು, ಸಂಬಳ ಪಡೆಯುವಂತಿಲ್ಲ, ಲ್ಯಾಬ್‌ನಲ್ಲಿ ಗಂಟೆಯ ಲೆಕ್ಕದ ಕೆಲಸವೂ ಇಲ್ಲ. ನ್ಯಾಷನಲ್ ಸೈನ್ಸ್ ಫೌಂಡೇಶನ್ನಿನ ಆರ್‌ಇಯು ಬೇಸಿಗೆ ಸಂಶೋಧನೆ ಅಮೆರಿಕದ ಪ್ರಜೆಗಳಿಗೆ, ಗ್ರೀನ್ ಕಾರ್ಡ್ ಇರುವವರಿಗೆ. ಗೋಲ್ಡ್‌ವಾಟರ್ ಸ್ಕಾಲರ್‌ಶಿಪ್ಪೂ ಹಾಗೆಯೇ. ಅಮೆರಿಕದಿಂದ ಹೊರಗೆ ಹೋಗುವ ಫುಲ್‌ಬ್ರೈಟ್ ಪ್ರಜೆಗಳಿಗೆ ಮಾತ್ರ. ಹೀಗಾಗಿ ಆನರ್ಸ್ ಕಾಲೇಜಿನ ಫೆಲೋಶಿಪ್ ಕಚೇರಿ ಎಷ್ಟೇ ಚುರುಕಾಗಿದ್ದರೂ ಅದರ ಬಹುಪಾಲು ಬಾಗಿಲುಗಳು ನಿಮ್ಮ ಮಗಳಿಗೆ ಸದ್ಯಕ್ಕೆ ಮುಚ್ಚಿವೆ.

2029ರ ಅಕ್ಟೋಬರ್‌ನಲ್ಲಿ, ಅಂದರೆ ಈ ಫಾಲ್‌ನಲ್ಲಿ ಸೇರಿದರೆ ನಾಲ್ಕನೇ ವರ್ಷ ಶುರುವಾದ ಹೊತ್ತಿಗೆ, ಅವಳಿಗೆ 21 ತುಂಬುತ್ತದೆ. ಎಚ್-4 ಆ ವಯಸ್ಸಿಗೆ ಮುಗಿಯುತ್ತದೆ, ಅಷ್ಟರಲ್ಲಿ ಗ್ರೀನ್ ಕಾರ್ಡ್ ಬರದಿದ್ದರೆ ಎಫ್-1ಗೆ (ವಿದ್ಯಾರ್ಥಿ ವೀಸಾ) ಬದಲಾಗಬೇಕು. ಆಗ ಯೂನಿವರ್ಸಿಟಿ ಕೊಡುವ ಐ-20 ಪತ್ರ ಬೇಕು, ಅದಕ್ಕೆ ಒಂದು ವರ್ಷದ ಖರ್ಚಿನ ಹಣ ತೋರಿಸಬೇಕು. ಸ್ಕಾಲರ್‌ಶಿಪ್ ಅಂತರರಾಷ್ಟ್ರೀಯ ವಿದ್ಯಾರ್ಥಿಗೂ ಮುಂದುವರಿಯುತ್ತದೆಯೇ ಎಂದು ಹೊರರಾಜ್ಯದವರನ್ನು ಕೇಳಿ. ಇನ್-ಸ್ಟೇಟ್ ದರ ಉಳಿಯುತ್ತದೆಯೇ ಎಂದು ಟೆಕ್ಸಸ್‌ನವರನ್ನು ಕೇಳಿ. ಟೆಕ್ಸಸ್‌ನಲ್ಲಿ ಎಚ್-4 ಇದ್ದವರು ನಿವಾಸಿ ಎನಿಸಿಕೊಳ್ಳಬಹುದು, ಎಫ್-1 ಆದರೆ ಆ ದಾರಿ ಇಲ್ಲ. ಅಲ್ಲೇ 36 ತಿಂಗಳು ಇದ್ದು ಹೈಸ್ಕೂಲ್ ಮುಗಿಸಿದವರಿಗೆ ಇನ್ನೊಂದು ದಾರಿ ಇತ್ತು. 2025ರ ಜೂನ್‌ನಲ್ಲಿ ಬಂದ ಫೆಡರಲ್ ಕೋರ್ಟ್ ಆದೇಶದ ನಂತರ ಅದನ್ನು ಯೂನಿವರ್ಸಿಟಿಗಳು ಬಹಳ ಎಚ್ಚರಿಕೆಯಿಂದ ಅನ್ವಯಿಸುತ್ತಿವೆ. ಫೋನಿನಲ್ಲಿ ಸಿಕ್ಕ ಉತ್ತರ ಸಾಲದು. ರೆಸಿಡೆನ್ಸಿ ಅಧಿಕಾರಿಯಿಂದ ಇಮೇಲ್‌ನಲ್ಲೇ ಬರೆಸಿಕೊಳ್ಳಿ.

ಕಹಿ ಮಾತು ಇನ್ನೊಂದಿದೆ, ಕನ್ನಡ ಕೂಟದಲ್ಲಿ ಯಾರೂ ಹೇಳಿರಲಿಕ್ಕಿಲ್ಲ. ಅಮೆರಿಕದ ಹೆಚ್ಚಿನ ಮೆಡಿಕಲ್ ಸ್ಕೂಲ್‌ಗಳು ಪ್ರಜೆಗಳನ್ನು, ಗ್ರೀನ್ ಕಾರ್ಡ್ ಇರುವವರನ್ನು ಮಾತ್ರ ಸೇರಿಸಿಕೊಳ್ಳುತ್ತವೆ. ವೀಸಾ ಮೇಲಿರುವವರನ್ನು ತೆಗೆದುಕೊಳ್ಳುವ ಶಾಲೆಗಳು ಕಡಿಮೆ, ಅವುಗಳಲ್ಲೂ ಕೆಲವು ಪೂರ್ತಿ ಶುಲ್ಕ ಮುಂಗಡವಾಗಿ ಕೇಳುತ್ತವೆ. ಟೆಕ್ಸಸ್‌ನ ಸರ್ಕಾರಿ ಮೆಡಿಕಲ್ ಸ್ಕೂಲ್‌ಗಳಲ್ಲಿ ಶೇಕಡಾ 90 ಸೀಟು ರಾಜ್ಯದವರಿಗೇ, ಶುಲ್ಕವೂ ಬೇರೆ ಕಡೆಗಿಂತ ಬಹಳ ಕಡಿಮೆ. ಆದರೆ ವೀಸಾ ವಿಷಯದಲ್ಲಿ ಒಂದೊಂದು ಶಾಲೆಯದು ಒಂದೊಂದು ನಿಯಮ, ಪ್ರತಿಯೊಂದರ ಪ್ರವೇಶ ನಿಯಮವನ್ನು ಪ್ರತ್ಯೇಕವಾಗಿ ಓದಬೇಕು. ಮುಂದೆ ಕೈಯಿಂದಲೇ ದೊಡ್ಡ ಮೊತ್ತ ಹಾಕಬೇಕಾದ ಸಾಧ್ಯತೆ ಇರುವಾಗ, ಈಗಿನ ನಾಲ್ಕು ವರ್ಷಕ್ಕೇ ಕೂಡಿಟ್ಟಿದ್ದೆಲ್ಲ ಖರ್ಚು ಮಾಡುವುದು ನನಗೆ ಸರಿ ಕಾಣುವುದಿಲ್ಲ. ಗ್ರೀನ್ ಕಾರ್ಡ್‌ಗೆ 21 ದಾಟಿತೇ ಎಂದು ನೋಡುವಾಗ, ಐ-140 ಪರಿಶೀಲನೆಯಲ್ಲಿದ್ದ ದಿನಗಳನ್ನು ವಯಸ್ಸಿನಿಂದ ಕಳೆಯುವ ನಿಯಮವೊಂದಿದೆ. ನಿಮ್ಮ ಪ್ರಯಾರಿಟಿ ಡೇಟ್ (ಗ್ರೀನ್ ಕಾರ್ಡ್ ಸರದಿಯ ದಿನಾಂಕ) ಇಟ್ಟುಕೊಂಡು ಇಮಿಗ್ರೇಶನ್ ವಕೀಲರ ಹತ್ತಿರ ಒಮ್ಮೆ ಲೆಕ್ಕ ಹಾಕಿಸಿ.

ಈಗ ಡಾಲರ್. ನೀವು ವ್ಯತ್ಯಾಸವನ್ನು ವರ್ಷಕ್ಕೆ 21,200, ನಾಲ್ಕು ವರ್ಷಕ್ಕೆ 84,800 ಎಂದುಕೊಂಡಿರುತ್ತೀರಿ. ಅದು ಕಡಿಮೆಯಾಯಿತು. ಖರ್ಚು ಪ್ರತಿ ವರ್ಷ ಏರುತ್ತದೆ, ಸ್ಕಾಲರ್‌ಶಿಪ್ ಸಾಮಾನ್ಯವಾಗಿ ಏರುವುದಿಲ್ಲ. ವರ್ಷಕ್ಕೆ ಶೇಕಡಾ 3ರಂತೆ ಹಾಕಿದರೆ ಹೊರರಾಜ್ಯದ ನಾಲ್ಕು ವರ್ಷ 2,56,900 ಆಗುತ್ತದೆ. 48,000 ಕಳೆದರೆ ನಿಮ್ಮ ಪಾಲು ಸುಮಾರು 2,08,900. ಟೆಕ್ಸಸ್‌ನದು 1,30,500, ಅದರಲ್ಲಿ 12,000 ಕಳೆದರೆ 1,18,500. ಅಂತರ 90 ಸಾವಿರ ದಾಟಿತು. 529ರ 92,000 ತೆಗೆದಿಟ್ಟ ಮೇಲೆ ತಿಂಗಳಿಗೆ ಕೈಯಿಂದ ಹಾಕಬೇಕಾದದ್ದು ಹೊರರಾಜ್ಯಕ್ಕೆ ಸುಮಾರು 2,430 ಡಾಲರ್, ಟೆಕ್ಸಸ್‌ಗೆ ಸುಮಾರು 550. ಈ ಎರಡು ಅಂಕಿಗಳನ್ನು ಯಜಮಾನರ ಮುಂದಿಡಿ, ನಾಲ್ಕು ವರ್ಷದ ಒಟ್ಟು ಮೊತ್ತಕ್ಕಿಂತ ತಿಂಗಳ ಲೆಕ್ಕ ಬೇಗ ಮನಸ್ಸಿಗೆ ಇಳಿಯುತ್ತದೆ. ವಿಮಾನದ ಟಿಕೆಟ್ಟು, ಹೆಲ್ತ್ ಇನ್ಶೂರೆನ್ಸನ್ನು 529ರಿಂದ ಕೊಟ್ಟರೆ ಗಳಿಕೆಯ ಭಾಗಕ್ಕೆ ತೆರಿಗೆಯೂ ಶೇಕಡಾ 10 ದಂಡವೂ ಬೀಳುತ್ತದೆ ಎಂಬುದು ನೆನಪಿರಲಿ.

ಶುಲ್ಕ ಏರದ ಕಡೆಯೂ ಇದೆ. ಪರ್ಡ್ಯೂ ಯೂನಿವರ್ಸಿಟಿ 2013ರಿಂದ ಹಲವು ವರ್ಷ ಹೊರರಾಜ್ಯದವರ ಟ್ಯೂಷನ್ ಮತ್ತು ಶುಲ್ಕವನ್ನು 28,794ರಲ್ಲೇ ನಿಲ್ಲಿಸಿತ್ತು. ಇಲಿನಾಯ್ ಯೂನಿವರ್ಸಿಟಿ ನಾಲ್ಕು ವರ್ಷ ಒಂದೇ ಟ್ಯೂಷನ್ ಎಂಬ ಭರವಸೆ ಕೊಡುತ್ತದೆ. ನಿಮ್ಮ ಹೊರರಾಜ್ಯದ ಯೂನಿವರ್ಸಿಟಿ ಕಳೆದ ಐದು ವರ್ಷ ಎಷ್ಟೆಷ್ಟು ಏರಿಸಿದೆ ಎಂದು ನೋಡಿ, ಶೇಕಡಾ 3ರ ಬದಲು ಅದನ್ನೇ ಹಾಕಿ.

ಸ್ಕಾಲರ್‌ಶಿಪ್ ಉಳಿಸಿಕೊಳ್ಳಲು ಬೇಕಾದ ಜಿಪಿಎ, ಆನರ್ಸ್‌ನಲ್ಲಿ ಉಳಿಯಲು ಬೇಕಾದ ಜಿಪಿಎ ಬೇರೆ ಬೇರೆ ಇರಬಹುದು. ಷ್ರೇಯರ್ 3.40 ಕೇಳುತ್ತದೆ. ಕೆಮಿಸ್ಟ್ರಿ, ಬಯಾಲಜಿ, ಕ್ಯಾಲ್ಕುಲಸ್ ಒಟ್ಟಿಗೆ ಬರುವ ಮೊದಲ ಎರಡು ಸೆಮಿಸ್ಟರಲ್ಲಿ ಎಡವುವ ಜಾಣ ಮಕ್ಕಳು ಅಪರೂಪವೇನಲ್ಲ. ಮೊದಲ ವರ್ಷದ ಕೊನೆಗೆ ಸ್ಕಾಲರ್‌ಶಿಪ್ ಹೋದರೆ ಉಳಿದ ಮೂರು ವರ್ಷಕ್ಕೆ 36,000 ಡಾಲರ್ ನಿಮ್ಮ ತಲೆ ಮೇಲೆ. ಆನರ್ಸ್ ಬಿಟ್ಟರೆ ಸ್ಕಾಲರ್‌ಶಿಪ್ಪೂ ಹೋಗುತ್ತದೆಯೇ, ಒಂದು ಸೆಮಿಸ್ಟರ್ ಪ್ರೊಬೇಶನ್ ಕೊಡುತ್ತಾರೆಯೇ ಎಂದು ಬರಹದಲ್ಲಿ ಕೇಳಿ.

ಸಾಲದ ಮಾತು ನಿಮಗೆ ಚಿಕ್ಕದು: ಎಚ್-4 ವಿದ್ಯಾರ್ಥಿಗೆ ಫೆಡರಲ್ ಸಾಲ ಇಲ್ಲ, ಖಾಸಗಿ ಸಾಲಕ್ಕೆ ಹೆಚ್ಚಾಗಿ ಪ್ರಜೆಯೋ ಗ್ರೀನ್ ಕಾರ್ಡ್ ಇರುವವರೋ ಜಾಮೀನು ನಿಲ್ಲಬೇಕು. ತೆರಿಗೆಯಲ್ಲಿ ಸಿಗುವ ರಿಯಾಯಿತಿಯಾದ ಅಮೆರಿಕನ್ ಆಪರ್ಚುನಿಟಿ ಕ್ರೆಡಿಟ್, ವರ್ಷಕ್ಕೆ 2,500ರವರೆಗೆ, ದಂಪತಿಯ ಆದಾಯ 1,80,000 ದಾಟಿದರೆ ಸಿಗುವುದಿಲ್ಲ. 2026ರಿಂದ ಸೋಶಿಯಲ್ ಸೆಕ್ಯುರಿಟಿ ನಂಬರ್ ಕೂಡ ಬೇಕು. ಇಲ್ಲೇ ಹುಟ್ಟಿದ ಮಕ್ಕಳಿರುವ ಓದುಗರಿಗೆ ಒಂದು ಸೂಚನೆ: ಅಪ್ಪ ಅಮ್ಮ ತೆಗೆಯುವ ಪೇರೆಂಟ್ ಪ್ಲಸ್ ಎಂಬ ಫೆಡರಲ್ ಸಾಲಕ್ಕೆ 2026ರ ಜುಲೈ 1ರಿಂದ ಒಂದು ಮಗುವಿಗೆ ವರ್ಷಕ್ಕೆ 20,000, ಒಟ್ಟು 65,000 ಎಂಬ ಮಿತಿ ಬಂದಿದೆ. ‘ಉಳಿದದ್ದನ್ನು ಪ್ಲಸ್‌ನಲ್ಲಿ ತುಂಬಿಸೋಣ’ ಎನ್ನುವ ಹಳೆಯ ಲೆಕ್ಕ ಈಗ ನಡೆಯದು.

ನನ್ನ ಅಭಿಪ್ರಾಯ ಕೇಳಿದರೆ, ಈಗಿನ ಅಂಕಿಗಳಲ್ಲಿ ಟೆಕ್ಸಸ್. ಅಲ್ಲಿನ ಅಪಾಯವೂ ಸಣ್ಣದಲ್ಲ. ಮೊದಲ ವರ್ಷದ ತರಗತಿಗಳು ದೊಡ್ಡವು. ಅಡ್ವೈಸರ್ ಒಬ್ಬರಿಗೆ ನೂರಾರು ಮಕ್ಕಳು. ಸಂಕೋಚದ ಹುಡುಗಿಯಾದರೆ ಯಾವ ಪ್ರೊಫೆಸರ್‌ಗೂ ಹೆಸರು ಗೊತ್ತಿಲ್ಲದೆ ಎರಡು ವರ್ಷ ಕಳೆದುಹೋಗಬಹುದು, ಆಮೇಲೆ ಶಿಫಾರಸು ಪತ್ರಕ್ಕೆ ಪರದಾಟ. ಇದಕ್ಕೆ ಮದ್ದು ಮೊದಲ ಸೆಮಿಸ್ಟರಿನಲ್ಲೇ ಶುರುವಾಗಬೇಕು. ಆಫೀಸ್ ಅವರ್ಸ್‌ಗೆ ವಾರ ತಪ್ಪದೆ ಹೋಗುವುದು, ಎರಡನೇ ಸೆಮಿಸ್ಟರಿಗೆ ಕ್ರೆಡಿಟ್‌ಗಾಗಿ, ಸಂಬಳ ಇಲ್ಲದೆ, ಒಂದು ಲ್ಯಾಬ್ ಸೇರುವುದು, ವರ್ಷದ ಕೊನೆಗೆ ಆನರ್ಸ್‌ಗೆ ಅರ್ಜಿ ಹಾಕುವುದು. ಹಾಗೆ ಅರ್ಜಿ ಹಾಕಲು ಎಷ್ಟು ಜಿಪಿಎ ಬೇಕು, ಕಳೆದ ವರ್ಷ ಎಷ್ಟು ಜನರನ್ನು ತೆಗೆದುಕೊಂಡರು ಎಂದು ಈಗಲೇ ಕೇಳಿ. ಆ ಬಾಗಿಲು ಹೆಸರಿಗಷ್ಟೇ ತೆರೆದಿದೆಯೋ ನಿಜಕ್ಕೂ ತೆರೆದಿದೆಯೋ ತಿಳಿಯುತ್ತದೆ.

ಹೊರರಾಜ್ಯದ ಆನರ್ಸ್ ಸರಿಯೆನಿಸುವ ಸಂದರ್ಭಗಳೂ ಇವೆ. ಸ್ಕಾಲರ್‌ಶಿಪ್ ಏರಿ ವಾರ್ಷಿಕ ಅಂತರ ಐದಾರು ಸಾವಿರಕ್ಕೆ ಇಳಿದರೆ ನಾನು ಅತ್ತಲೇ ವಾಲುತ್ತೇನೆ. ಮಗಳು ಮೆಡಿಕಲ್ ಬಿಟ್ಟು ಸಂಶೋಧನೆಯೇ ಬೇಕು ಎಂದರೆ, ಅಲ್ಲಿನ ವಿಭಾಗ ನಿಜವಾಗಿ ಮೇಲ್ಮಟ್ಟದ್ದಾಗಿದ್ದರೆ, ಹತ್ತು ಸಾವಿರದ ಅಂತರವನ್ನೂ ಸಮರ್ಥಿಸಬಹುದು. ಹೆಸರಾಂತ ಕಾಲೇಜಿಗೆ ಹೋಗದಿದ್ದರೆ ಸಂಪಾದನೆಗೆ ಪೆಟ್ಟು ಎಂಬ ಭಯಕ್ಕಾದರೆ ಬೇಡ. ಸ್ಟೇಸಿ ಡೇಲ್ ಮತ್ತು ಅಲನ್ ಕ್ರೂಗರ್ 2002ರಲ್ಲಿ ಪ್ರಕಟಿಸಿದ ಅಧ್ಯಯನ ಒಂದೇ ಮಟ್ಟದ ಪ್ರತಿಭೆಯ ವಿದ್ಯಾರ್ಥಿಗಳನ್ನು ಹೋಲಿಸಿತು. ಆಯ್ದ ಕೆಲವರಿಗಷ್ಟೇ ಸೀಟು ಕೊಡುವ ಕಾಲೇಜಿಗೆ ಹೋದವರಿಗೂ ಹೋಗದವರಿಗೂ ಸರಾಸರಿ ಗಳಿಕೆಯಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ, ಬಡ ಕುಟುಂಬದ ಮಕ್ಕಳನ್ನು ಬಿಟ್ಟು.

ಈ ವಾರವೇ ಒಂದು ಕೆಲಸ ಮಾಡಿ. ಹೊರರಾಜ್ಯದ ಆನರ್ಸ್ ಕಾಲೇಜಿಗೂ ಅಲ್ಲಿನ ಸ್ಕಾಲರ್‌ಶಿಪ್ ಕಚೇರಿಗೂ ಮಗಳ ಹೆಸರಿನಲ್ಲೇ ಇಮೇಲ್ ಹೋಗಲಿ. ಅಪ್ಪ ಅಮ್ಮ ಬರೆದದ್ದಕ್ಕಿಂತ ವಿದ್ಯಾರ್ಥಿ ಬರೆದದ್ದಕ್ಕೆ ಬೆಲೆ ಹೆಚ್ಚು. ಐದಾರು ಸಾಲು ಸಾಕು: ನಿಮ್ಮಲ್ಲಿಗೇ ಬರುವ ಇಷ್ಟವಿದೆ, ಊರಿನ ಯೂನಿವರ್ಸಿಟಿ ವರ್ಷಕ್ಕೆ 28,200ಕ್ಕೆ ಸಿಗುತ್ತಿದೆ, ಪತ್ರ ಲಗತ್ತಿಸಿದ್ದೇನೆ, ಸ್ಕಾಲರ್‌ಶಿಪ್ ಮರುಪರಿಶೀಲಿಸಲು ಸಾಧ್ಯವೇ, ಯಾವ ದಿನಾಂಕದೊಳಗೆ ತಿಳಿಸುತ್ತೀರಿ. ಆದಾಯದ ಕಷ್ಟ ಹೇಳಿಕೊಳ್ಳಬೇಡಿ, ಮೆರಿಟ್ ಹಣ ಕೊಡುವವರು ಅದನ್ನು ನೋಡುವುದಿಲ್ಲ. ಏಪ್ರಿಲ್ ಮೊದಲ ಎರಡು ವಾರ ಕಳೆದ ಮೇಲೆ ಅವರ ಕೈಯಲ್ಲಿ ಹಂಚಲು ಹಣ ಉಳಿದಿರುವುದು ಕಡಿಮೆ. ಎರಡೂ ಕಡೆ ಡಿಪಾಸಿಟ್ ಕಟ್ಟಿಡುವ ಉಪಾಯವನ್ನು ಯಾರಾದರೂ ಹೇಳಿಕೊಟ್ಟರೆ ಬೇಡ ಅನ್ನಿ, ಗೊತ್ತಾದರೆ ಎರಡು ಸೀಟೂ ಕಳೆದುಕೊಳ್ಳುವ ಅಪಾಯವಿದೆ. ಟೆಕ್ಸಸ್ ಹಾಸ್ಟೆಲ್‌ಗೆ ಮಾತ್ರ ಈಗಲೇ ಅರ್ಜಿ ಹಾಕಿಡಿ. ಬಹಳ ಕಡೆ ಕೊಠಡಿಯ ಸರದಿ ಅರ್ಜಿ ಹಾಕಿದ ದಿನಾಂಕದ ಮೇಲೆ ನಿಲ್ಲುತ್ತದೆ, ಅರ್ಜಿ ಶುಲ್ಕ ಹೋದರೂ ಹೆಚ್ಚಿನ ನಷ್ಟವಿಲ್ಲ.